ಮಧ್ಯಸ್ಥ ಅಂದರೆ ಮೂರನೆಯವನೇ? 1 ತಿಮೊಥೆ 2:5ರ ಸುತ್ತ ಒಂದು ಚರ್ಚೆ (ಪ್ರತಿ ಮಾತಿನ ಮೇಲಿರುವುದು ಚರ್ಚೆಗಾರರ ಅಡ್ಡಹೆಸರು)

ಕೇಳುಗ

ಇಬ್ಬರ ನಡುವಿನ ವ್ಯಾಜ್ಯ ಬಗೆಹರಿಸುವವನು ಎರಡೂ ಕಡೆಗೆ ಸೇರದವನಾಗಿರಬೇಕು ಅನ್ನೋದು ಸಾಮಾನ್ಯ ತಿಳಿವಳಿಕೆ. ಕ್ರೈಸ್ತರು ಯೇಸುವನ್ನು ದೇವರು ಅಂತಲೂ ಹೇಳ್ತಾರೆ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥ ಅಂತಲೂ ಹೇಳ್ತಾರೆ. ವಾದಿಯ ಮಗನೇ ನ್ಯಾಯ ಹೇಳೋಕೆ ಕೂತ ಹಾಗಾಗಲಿಲ್ಲವೇ? ಎರಡನೇ ಪ್ರಶ್ನೆ: 1 ತಿಮೊಥೆ 2:5ರಲ್ಲಿ ‘ದೇವರು ಒಬ್ಬನೇ, ದೇವರಿಗೂ ಮನುಷ್ಯರಿಗೂ ಮಧ್ಯಸ್ಥನು ಒಬ್ಬನೇ, ಆತ ಮನುಷ್ಯನಾದ ಕ್ರಿಸ್ತ ಯೇಸು’ ಅಂತ ಅಪೊಸ್ತಲ ಪೌಲ ಬರೆದ ಮೇಲೂ ಸಂತರು, ಯೇಸುವಿನ ತಾಯಿ ಮರಿಯಮ್ಮ, ಗುರುಗಳು (ಪಾದ್ರಿಗಳು) ಹೇಗೆ ಬಂದರು? ಯಾರನ್ನೂ ಕೆಣಕೋಕೆ ಕೇಳ್ತಿಲ್ಲ. ಪಠ್ಯದಲ್ಲಿ ಏನಿದೆ, ಒಡಕು ಎಲ್ಲಿ ಬಿತ್ತು, ಅಷ್ಟು ಗೊತ್ತಾದರೆ ಸಾಕು.

ಪದಕೋಶ

ಮೊದಲು ಪದ ನೋಡೋಣ, ಅರ್ಧ ಗೊಂದಲ ಅಲ್ಲೇ ಇದೆ. ಗ್ರೀಕಿನಲ್ಲಿ ಅದು ‘ಮೆಸಿಟೇಸ್’. ಸತ್ಯವೇದದ (ಬೈಬಲಿನ) ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಆರೇ ಸಲ, ಪತ್ರಿಕೆಗಳಲ್ಲಿ, ಬರುತ್ತದೆ (ಮೊದಲ ಅಂಕಿ ಅಧ್ಯಾಯ, ಎರಡನೆಯದು ವಚನ): ಗಲಾತ್ಯ 3:19 ಮತ್ತು 3:20, 1 ತಿಮೊಥೆ 2:5, ಇಬ್ರಿಯ 8:6, 9:15, 12:24. ಗಲಾತ್ಯದ ಎರಡು ಕಡೆ ಮಾತು ಇಸ್ರಾಯೇಲರಿಗೆ ಧರ್ಮಶಾಸ್ತ್ರ ಬಂದ ಬಗೆಯದು, ಅಲ್ಲಿನ ಮಧ್ಯಸ್ಥ ಮೋಶೆ ಅನ್ನುವುದು ಹೆಚ್ಚಿನವರ ಓದು. ಇಬ್ರಿಯದ ಮೂರು ಕಡೆಯೂ ‘ಒಡಂಬಡಿಕೆಯ ಮಧ್ಯಸ್ಥ’. ದೇವರು, ಮನುಷ್ಯರು ಅಂತ ಎರಡೂ ಪಕ್ಷಗಳನ್ನು ಹೆಸರಿಸಿ ಹೇಳಿರುವುದು ತಿಮೊಥೆಗೆ ಬರೆದ ಪತ್ರಿಕೆಯಲ್ಲಿ ಮಾತ್ರ.

ಆ ಕಾಲದ ಗ್ರೀಕ್ ವ್ಯವಹಾರದಲ್ಲಿ ಈ ಪದಕ್ಕೆ ಪಂಚ ಅನ್ನುವ ಅರ್ಥ ಇತ್ತು, ಜೊತೆಗೆ ಹೊಣೆ ಹೊತ್ತವನು ಅನ್ನುವ ಅರ್ಥವೂ ಇತ್ತು. ಇಬ್ರಿಯ 6:17ರಲ್ಲಿ ಇದೇ ಪದದ ಕ್ರಿಯಾರೂಪ ಬರುತ್ತದೆ. ಅಲ್ಲಿ ದೇವರು ಆಣೆಯಿಟ್ಟು ತನ್ನ ಮಾತಿಗೆ ತಾನೇ ಹೊಣೆಯಾಗುತ್ತಾನೆ, ಮೂರನೆಯವನೇ ಇಲ್ಲ. 7:22ರಲ್ಲಂತೂ ಯೇಸುವಿಗೆ ನೇರವಾಗಿ ‘ಜಾಮೀನುದಾರ’ ಅನ್ನುವ ಅರ್ಥದ ಬೇರೆ ಪದವನ್ನೇ ಬಳಸಿದ್ದಾರೆ. ಆದ್ದರಿಂದ ಕನ್ನಡದಲ್ಲಿ ‘ಮಧ್ಯವರ್ತಿ’ ಅಂತ ಬರೆದರೆ ಕೆಟ್ಟಿತು. ಎರಡೂ ಕಡೆ ಕಮಿಷನ್ ತಿನ್ನುವ ದಲ್ಲಾಳಿ ಕಣ್ಣ ಮುಂದೆ ಬರುತ್ತಾನೆ. ‘ಮಧ್ಯಸ್ಥ’ ವಾಸಿ, ಆದರೆ ಅದಕ್ಕೂ ತಟಸ್ಥನ ವಾಸನೆ ಅಂಟಿಕೊಂಡಿದೆ. ನಿಮ್ಮ ಮೊದಲ ಪ್ರಶ್ನೆ ಹುಟ್ಟಿದ್ದು ಆ ವಾಸನೆಯಿಂದ.

ಇನ್ನೊಂದು ಪದವನ್ನೂ ಜೊತೆಗೇ ಹಿಡಿಯಬೇಕು: ‘ದಿಯಾಥೇಕೆ’. ಅದಕ್ಕೆ ಒಡಂಬಡಿಕೆ ಅನ್ನುವ ಅರ್ಥವೂ ಉಂಟು, ಉಯಿಲು ಅನ್ನುವ ಅರ್ಥವೂ ಉಂಟು. ಇಬ್ರಿಯ 9:15ರಲ್ಲಿ ಒಡಂಬಡಿಕೆಯ ಮಧ್ಯಸ್ಥ ಅಂತ ಶುರುಮಾಡಿದವರು 9:16ರಲ್ಲಿ ಇದ್ದಕ್ಕಿದ್ದಂತೆ, ಬರೆದವನು ಸತ್ತ ಮೇಲೆ ತಾನೇ ಅದು ಜಾರಿಗೆ ಬರುವುದು ಅನ್ನುತ್ತಾರೆ. ಕನ್ನಡದಲ್ಲಿ ಓದುವವರಿಗೆ ಇದು ಹಾರಿಕೆ ಅನ್ನಿಸುತ್ತದೆ. ಗ್ರೀಕಿನಲ್ಲಿ ಒಂದೇ ಪದದ ಎರಡು ಮುಖ. ಅಲ್ಲಿಯ ಮಧ್ಯಸ್ಥ ಮಾತುಕತೆ ನಡೆಸುವವನಲ್ಲ, ಸತ್ತು ಉಯಿಲನ್ನು ಜಾರಿಗೆ ತರುವವನು.

ಯಾಜಕಕಾಂಡ16

ಇಬ್ರಿಯ ಪತ್ರಿಕೆಯ ವಾದ ಪೂರ್ತಿ ನಿಂತಿರುವುದು ಹಳೆಯ ಒಡಂಬಡಿಕೆಯ ಒಂದು ದಿನದ ಮೇಲೆ: ಏಳನೆಯ ತಿಂಗಳ ಹತ್ತನೆಯ ದಿನ, ದೋಷಪರಿಹಾರಕ ದಿನ. ಅದರ ಕ್ರಮ ಗೊತ್ತಿಲ್ಲದೆ ‘ಮಹಾಯಾಜಕ’ (ಮುಖ್ಯ ಪೂಜಾರಿ) ಅಂದರೆ ಏನೂ ಹತ್ತುವುದಿಲ್ಲ. ಯಾಜಕಕಾಂಡ 16ನೇ ಅಧ್ಯಾಯ ತೆರೆದಿಟ್ಟುಕೊಂಡು ಓದಿ.

ಮಹಾಯಾಜಕ ಮೈ ತೊಳೆದು ನಾಲ್ಕು ನಾರಿನ ಬಟ್ಟೆ ಹಾಕಿಕೊಳ್ಳುತ್ತಾನೆ: ಅಂಗಿ, ಒಳಚಡ್ಡಿ, ನಡುಕಟ್ಟು, ಮುಂಡಾಸು. ಒಳಗೆ ಹೋಗುವಾಗ ಹೊಳೆಯುವ ಉಡುಪಿಗೆ ಜಾಗವಿಲ್ಲ. ತನಗಾಗಿ ಒಂದು ಹೋರಿ ಮತ್ತು ಒಂದು ಟಗರು, ಜನರ ಪರವಾಗಿ ಎರಡು ಹೋತ ಮತ್ತು ಒಂದು ಟಗರು. ಮೊದಲು ತನ್ನ, ತನ್ನ ಮನೆತನದ ಪಾಪಕ್ಕಾಗಿ ಹೋರಿಯನ್ನು ವಧಿಸುತ್ತಾನೆ. ಆಮೇಲೆ ಧೂಪಾರತಿಯ ತುಂಬ ಕೆಂಡ, ಎರಡು ಬೊಗಸೆ ನುಣ್ಣಗೆ ಪುಡಿಮಾಡಿದ ಧೂಪ. ಆರಾಧನೆಯ ಗುಡಾರದಲ್ಲಿ ತೆರೆಯ ಒಳಗೆ ಹೋಗಿ ಕೆಂಡದ ಮೇಲೆ ಧೂಪ ಹಾಕಿದಾಗ ಹೊಗೆ ಒಡಂಬಡಿಕೆಯ ಪೆಟ್ಟಿಗೆಯ ಮುಚ್ಚಳವಾದ ಕೃಪಾಸನವನ್ನು ಮುಚ್ಚಬೇಕು, ಇಲ್ಲದಿದ್ದರೆ ಅವನು ಸಾಯುತ್ತಾನೆ ಎಂದು 13ನೇ ವಚನ. ಹೋರಿಯ ರಕ್ತವನ್ನು ಬೆರಳಿನಿಂದ ಕೃಪಾಸನದ ಮೇಲೆ, ಮತ್ತೆ ಅದರ ಮುಂದೆ ಏಳು ಸಲ ಚಿಮುಕಿಸಬೇಕು. ಎರಡು ಹೋತಗಳಲ್ಲಿ ಬಲಿಗೆಂದು ಚೀಟು ಬಿದ್ದ ಹೋತದ ರಕ್ತವನ್ನು ತಂದು ಮತ್ತೆ ಹಾಗೆಯೇ. ಅಷ್ಟು ಹೊತ್ತೂ ಗುಡಾರದಲ್ಲಿ ಬೇರೆ ಯಾರೂ ಇರಕೂಡದು. ಹೊರಗೆ ಬಂದು ಇನ್ನೊಂದು ಹೋತದ ತಲೆಯ ಮೇಲೆ ಎರಡೂ ಕೈ ಊರಿ ಜನರ ಅಪರಾಧಗಳನ್ನೆಲ್ಲ ಅರಿಕೆ ಮಾಡಿ ಅದನ್ನು ಅಡವಿಗೆ ಅಟ್ಟಿಸುತ್ತಾನೆ.

ಇಬ್ರಿಯ ಪತ್ರಿಕೆ ಈ ಕ್ರಮದಲ್ಲಿ ಸಡಿಲವಾದ ಗಂಟುಗಳನ್ನು ಹುಡುಕಿ ಬಿಚ್ಚುತ್ತದೆ. ಮಧ್ಯೆ ನಿಂತವನಿಗೇ ಮೊದಲು ಬಲಿ ಬೇಕು (7:27). ವರ್ಷಕ್ಕೊಮ್ಮೆ ಮತ್ತೆ ಮಾಡಬೇಕು (9:7, 9:25). ಯಾಜಕ ದಿನವೂ ನಿಂತೇ ಸೇವೆ ಮಾಡುತ್ತಾನೆ, ಕ್ರಿಸ್ತನಾದರೋ ಒಂದೇ ಬಲಿ ಕೊಟ್ಟು ಕೂತುಕೊಂಡನು (10:11-12). ನಿಂತಿದ್ದಾನೆ ಅಂದರೆ ಕೆಲಸ ಬಾಕಿ ಇದೆ ಅಂತ, ಕೂತ ಅಂದರೆ ಮುಗಿಯಿತು ಅಂತ. ಇಡೀ ಪತ್ರಿಕೆಯಲ್ಲಿ ನನಗೆ ಅತಿ ಚೂಪು ಅನ್ನಿಸುವ ಜಾಗ ಅದು.

ಪ್ರಸಂಗಗಳಲ್ಲಿ ಪದೇಪದೇ ಕೇಳಿಬರುವ ತಪ್ಪೊಂದಿದೆ. ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟುತ್ತಿದ್ದರು, ಒಳಗೆ ಸತ್ತರೆ ಎಳೆಯಲು ಎಂದು. ಸತ್ಯವೇದದಲ್ಲಿ ಎಲ್ಲೂ ಅದಿಲ್ಲ. ಆ ಮಾತು ಮಧ್ಯಯುಗದ ಯೆಹೂದಿ ಬರಹದಿಂದ ಬಂದದ್ದು.

ಕೇಳುಗ

ಯೇಸು ಯೆಹೂದ ಕುಲದವನು, ಯಾಜಕರು ಲೇವಿ ಕುಲದವರು. ಹಾಗಿದ್ದರೆ ಯಾಜಕ ಅನ್ನೋದು ಹೇಗೆ?

ಯಾಜಕಕಾಂಡ16

ಪತ್ರಿಕೆ ಬರೆದವರೇ 7:14ರಲ್ಲಿ ಈ ಆಕ್ಷೇಪ ಎತ್ತುತ್ತಾರೆ, ಮುಚ್ಚಿಡುವುದಿಲ್ಲ. ಉತ್ತರ ಕೀರ್ತನೆ 110:4: ಮೆಲ್ಕಿಜೆದೇಕನ ತರಹದ ಯಾಜಕ. ಆದಿಕಾಂಡ 14ರಲ್ಲಿ ಲೇವಿಯ ಮುತ್ತಜ್ಜ ಅಬ್ರಹಾಮನು ಯಾಜಕನೂ ಅರಸನೂ ಆಗಿದ್ದ ಅವನಿಗೆ ದಶಮಾಂಶ ಕೊಟ್ಟ, ಲೇವಿ ಆಗಿನ್ನೂ ಹುಟ್ಟಿರಲಿಲ್ಲ. ವಂಶಾವಳಿಯಿಂದ ಸಿಗುವ ಯಾಜಕತ್ವಕ್ಕಿಂತ ಹಳೆಯದೊಂದು ಇದೆ ಅನ್ನುವುದು ವಾದದ ತಿರುಳು.

ಹಳೇಪಿತೃ

ಮೊದಲ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಯೋಬ 9:33 ನೋಡಿ. ನಮ್ಮಿಬ್ಬರ ಮೇಲೂ ಕೈಯಿಡಬಲ್ಲ ಮಧ್ಯಸ್ಥ ಯಾರೂ ಇಲ್ಲವಲ್ಲ ಅನ್ನುವುದು ದೇವರೊಡನೆ ವ್ಯಾಜ್ಯಕ್ಕೆ ನಿಂತ ಯೋಬನ ಗೋಳು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ‘ಮೆಸಿಟೇಸ್’ ಬರುವುದು ಈ ಒಂದೇ ಜಾಗದಲ್ಲಿ. ಯೋಬನಿಗೆ ಬೇಕಾದವನು ದೂರ ನಿಂತ ತಟಸ್ಥನಲ್ಲ, ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ ಇಡಬಲ್ಲವನು. ಎರಡನೇ ಶತಮಾನದ ಬಿಷಪ್ ಇರೇನಿಯಸ್ ಈ ದಾರಿಯಲ್ಲೇ ನಡೆದ: ಎರಡು ಕಡೆಗೂ ತನ್ನವನಾದವನು ಮಾತ್ರ ಎರಡನ್ನೂ ಸ್ನೇಹಕ್ಕೆ ತರಬಲ್ಲ.

ಮುಂದಿನ ಮುನ್ನೂರು ವರ್ಷದ ಜಗಳವೆಲ್ಲ ಈ ಎರಡು ಕೈಗಳದ್ದೇ. ಅಲೆಕ್ಸಾಂಡ್ರಿಯದ ಪಾದ್ರಿ ಅರಿಯಸ್ ಕೊಟ್ಟದ್ದು ಅಚ್ಚುಕಟ್ಟಾದ ಮೂರನೆಯವನನ್ನು: ದೇವರಿಗಿಂತ ಕೆಳಗೆ, ಉಳಿದ ಸೃಷ್ಟಿಗಿಂತ ಮೇಲೆ. ನಿಮ್ಮ ‘ಎರಡೂ ಕಡೆಗೆ ಸೇರದವನು’ ಅನ್ನುವ ಷರತ್ತಿಗೆ ಸರಿಯಾಗಿ ಹೊಂದುವವನು ಅವನೇ. 325ರಲ್ಲಿ ನಿಸಿಯದಲ್ಲಿ ಸೇರಿದ ಬಿಷಪರ ಸಭೆ ಅದನ್ನು ತಳ್ಳಿಹಾಕಿತು. ಸೇತುವೆ ನದಿಯ ನಡುವೆ ಎಷ್ಟು ಭದ್ರವಾಗಿ ನಿಂತಿದ್ದರೇನು, ದಡ ಮುಟ್ಟದಿದ್ದರೆ ಯಾರೂ ದಾಟುವುದಿಲ್ಲ. ಬಿಷಪ್ ಅಪೊಲ್ಲಿನಾರಿಸ್ ಇನ್ನೊಂದು ದಡವನ್ನು ಕತ್ತರಿಸಿದ: ಕ್ರಿಸ್ತನಲ್ಲಿ ಮನುಷ್ಯಬುದ್ಧಿ ಇರಲಿಲ್ಲ, ಆ ಜಾಗದಲ್ಲಿ ದೈವಿಕ ವಾಕ್ಯವೇ (ದೇವಪುತ್ರನೇ) ಇತ್ತು ಎಂದ. ಅದಕ್ಕೆ ನಜಿಯಾಂಜಸ್‌ನ ಗ್ರೆಗೊರಿ ಕೊಟ್ಟ ಏಟು ಪ್ರಸಿದ್ಧ: ತಾನು ಧರಿಸದೆ ಬಿಟ್ಟದ್ದನ್ನು ಆತ ಗುಣಪಡಿಸಿಲ್ಲ. ಬುದ್ಧಿಯೇ ಕೆಟ್ಟಿರುವಾಗ ಬುದ್ಧಿಯನ್ನು ಬಿಟ್ಟು ಮೈಯನ್ನಷ್ಟೇ ತೊಟ್ಟರೆ ವಾಸಿಯಾದದ್ದು ಏನು? 381ರ ಕಾನ್‌ಸ್ಟಾಂಟಿನೋಪಲ್ ಸಭೆ ಅಪೊಲ್ಲಿನಾರಿಸನ ಮತವನ್ನು ಖಂಡಿಸಿತು. 451ರಲ್ಲಿ ಕ್ಯಾಲ್ಸಿಡನ್ ಸಭೆ ಬೇಲಿ ಹಾಕಿತು: ಎರಡು ಸ್ವಭಾವ, ಒಬ್ಬನೇ ವ್ಯಕ್ತಿ, ಕಲಸದೆ, ಬದಲಾಗದೆ, ಒಡೆಯದೆ, ಅಗಲದೆ. ನಾಲ್ಕೂ ನಿಷೇಧಗಳೇ ಅನ್ನುವುದನ್ನು ಗಮನಿಸಿ. ಹೇಗೆ ಅಂತ ಹೇಳಿಲ್ಲ, ಎಲ್ಲಿ ಜಾರಬಾರದು ಅಂತ ಹೇಳಿದೆ.

ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನನ ಲೆಕ್ಕ ಇನ್ನೂ ಸೊಗಸು. ಆ ಕಾಲದ ಪ್ಲೇಟೋವಾದಿಗಳು ದೇವತೆಗಳಿಗೂ ಮನುಷ್ಯರಿಗೂ ನಡುವೆ ‘ಡೈಮೋನ್’ಗಳನ್ನು ಇಟ್ಟಿದ್ದರು. ಅಗಸ್ಟೀನ್ ಕೇಳಿದ: ದೇವತೆಗಳಿಗೆ ಎರಡು ಗುಣ, ಸಾವಿಲ್ಲ, ಸುಖಿಗಳು. ಮನುಷ್ಯರಿಗೆ ಎರಡು, ಸಾವಿದೆ, ದುಃಖಿಗಳು. ನಿಮ್ಮ ಡೈಮೋನ್ ದೇವತೆಗಳಿಂದ ಪಡೆದದ್ದು ಸಾವಿಲ್ಲದಿರುವಿಕೆ, ಮನುಷ್ಯರಿಂದ ಪಡೆದದ್ದು ದುಃಖ. ಅಂದರೆ ಮುಗಿಯದ ದುಃಖ! ಅಂಥವನು ಯಾರನ್ನು ಎತ್ತುತ್ತಾನೆ? ಬೇಕಾದದ್ದು ತಿರುಗಾಮುರುಗಾ: ನಮ್ಮಿಂದ ಸಾವನ್ನು ತಾತ್ಕಾಲಿಕವಾಗಿ ತೆಗೆದುಕೊಂಡು ದೇವರ ಸುಖವನ್ನು ಬಿಡದೆ ಇರುವವನು.

ಸುಧಾರಿತ

ಒಂದು ತಿದ್ದುಪಡಿ ಸೇರಿಸಲಿ. ‘ಎರಡೂ ಸ್ವಭಾವ ಇದೆ’ ಅನ್ನುವುದು ಬೇರೆ, ‘ಎರಡೂ ಸ್ವಭಾವದಲ್ಲಿ ಮಧ್ಯಸ್ಥಿಕೆ ಮಾಡುತ್ತಾನೆ’ ಅನ್ನುವುದು ಬೇರೆ. ಪೌಲನ ವಾಕ್ಯದಲ್ಲಿ ‘ಮನುಷ್ಯನಾದ ಕ್ರಿಸ್ತ ಯೇಸು’ ಅಂತ ಇದೆಯಲ್ಲ. ಅದನ್ನು ಹಿಡಿದು ಅಗಸ್ಟೀನ್, ಆಮೇಲೆ ಮಧ್ಯಯುಗದ ಪಂಡಿತರಾದ ಪೀಟರ್ ಲೊಂಬಾರ್ಡ್, ಥಾಮಸ್ ಅಕ್ವಿನಾಸ್ ಎಲ್ಲರೂ ಆತ ಮಧ್ಯಸ್ಥನಾಗಿರುವುದು ಮನುಷ್ಯನಾಗಿ ಅಂದರು. ದೇವರಾಗಿ ಆತ ತಂದೆಗೆ ಸಮ, ಸಮವಾದ ಮೇಲೆ ನಡುವೆ ಅನ್ನುವ ಜಾಗವೆಲ್ಲಿ?

1550ರ ದಶಕದಲ್ಲಿ ಪ್ರೊಟೆಸ್ಟಂಟ್ ಪಂಡಿತರ ನಡುವೆ ಇದು ಸಿಡಿಯಿತು. ನಮಗೆ ದೇವರ ಮುಂದೆ ನೀತಿ ಸಿಗುವುದು ಕ್ರಿಸ್ತನ ದೈವಸ್ವಭಾವದಿಂದ ಎಂದ ಓಸಿಯಾಂಡರ್. ಸ್ಟಾಂಕಾರೋ ಇನ್ನೊಂದು ತುದಿಗೆ ಹೋಗಿ ಮಾನವಸ್ವಭಾವ ಮಾತ್ರ ಎಂದ. ಜಿನೀವಾದ ಸುಧಾರಕ ಕ್ಯಾಲ್ವಿನ್ 1560 ಮತ್ತು 1561ರಲ್ಲಿ ಸ್ಟಾಂಕಾರೋಗೆ ಎದುರಾಗಿ ಉತ್ತರಿಸಿ, ಮಧ್ಯಸ್ಥಿಕೆ ಇಡೀ ವ್ಯಕ್ತಿಯ ಕೆಲಸ, ಸ್ವಭಾವಗಳನ್ನು ಬಿಡಿಸಿಟ್ಟು ಕೆಲಸ ಹಂಚಬೇಡಿ ಅಂದ. ಕ್ಯಾಲ್ವಿನನ ದಾರಿ ಹಿಡಿದ ಸುಧಾರಿತ ಸಭೆಗಳು ಅಲ್ಲೇ ನಿಂತಿವೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 12ರಿಂದ 18ರವರೆಗಿನ ಪ್ರಶ್ನೆಗಳು ಇದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟುತ್ತವೆ: ಪಾಪ ಮಾಡಿದ್ದು ಮನುಷ್ಯ, ತೀರಿಸಬೇಕಾದವನೂ ಮನುಷ್ಯ. ತಾನೇ ಸಾಲಗಾರನಾದವನು ಇನ್ನೊಬ್ಬನ ಸಾಲ ತೀರಿಸಲಾರ, ಆದ್ದರಿಂದ ಪಾಪವಿಲ್ಲದವನೇ ಆಗಬೇಕು. ಬರೀ ಸೃಷ್ಟಿ ಆ ಭಾರ ತಾಳದು, ಆದ್ದರಿಂದ ದೇವರೂ ಆಗಿರಬೇಕು. ಆನ್ಸೆಲ್ಮ್ 1098ರ ಹೊತ್ತಿಗೆ ಮುಗಿಸಿದ ‘ದೇವರು ಮನುಷ್ಯನಾದದ್ದೇಕೆ’ ಅನ್ನುವ ಕೃತಿಯ ತರ್ಕ ಇದಕ್ಕೆ ಬೇರು.

ಜಪಸರ

ಎರಡನೇ ಪ್ರಶ್ನೆಗೆ ಕಥೋಲಿಕ ಧರ್ಮಸಭೆಯ ಉತ್ತರ. 2:5ನೇ ವಚನವನ್ನು ಒಂಟಿಯಾಗಿ ಕಿತ್ತು ತರಬೇಡಿ. ಸ್ವಲ್ಪ ಹಿಂದೆ, 2:1-2ರಲ್ಲಿ, ಎಲ್ಲ ಮನುಷ್ಯರಿಗಾಗಿ, ಅರಸರಿಗಾಗಿ ಬಿನ್ನಹ, ಪ್ರಾರ್ಥನೆ, ಮನವಿ ಮಾಡಿರಿ ಎಂದು ಪೌಲರೇ ಹೇಳುತ್ತಾರೆ. ಅಂದರೆ ಒಬ್ಬರ ಪರವಾಗಿ ಒಬ್ಬರು ಬೇಡುವುದು ಕ್ರಿಸ್ತರ ಏಕೈಕ ಮಧ್ಯಸ್ಥಿಕೆಗೆ ಪೈಪೋಟಿ ಅಲ್ಲ. ಅದು ಆ ಮಧ್ಯಸ್ಥಿಕೆಯೊಳಗಿನ ಕೆಲಸ. ಅಕ್ವಿನಾಸ್ ಇದನ್ನು ಬಿಡಿಸಿ ಹೇಳುತ್ತಾರೆ: ಪೂರ್ಣ ಅರ್ಥದಲ್ಲಿ ಮಧ್ಯಸ್ಥರು ಕ್ರಿಸ್ತರೊಬ್ಬರೇ, ಉಳಿದವರು ಸಿದ್ಧಪಡಿಸುವವರು, ಸೇವಕರು ಅನ್ನುವ ಅರ್ಥದಲ್ಲಿ ಮಾತ್ರ.

ಇದನ್ನು ಕಿವಿಯಾರೆ ಕೇಳಬೇಕೆಂದರೆ ಸಕಲ ಸಂತರ ಪ್ರಾರ್ಥನಾಮಾಲೆಯ ಲತೀನ್ ಪಾಠ ನೋಡಿ. ದೇವರ ಹೆಸರು ಬಂದಾಗ ಜನರ ಉತ್ತರ ‘ಮಿಸೆರೆರೆ ನೋಬಿಸ್’, ನಮ್ಮನ್ನು ಕರುಣಿಸಿ. ಮರಿಯಮ್ಮನವರ ಹೆಸರಿಗೆ ಬಂದ ಕೂಡಲೇ ‘ಓರಾ ಪ್ರೊ ನೋಬಿಸ್’, ನಮಗಾಗಿ ಪ್ರಾರ್ಥಿಸಿರಿ. ಕ್ರಿಯಾಪದ ಬದಲಾಗುವ ಆ ಗೆರೆಯೇ ಸಿದ್ಧಾಂತ. ಟ್ರೆಂಟ್ ಸಭೆ 1563ರ ಡಿಸೆಂಬರ್‌ನಲ್ಲಿ ಸಂತರನ್ನು ಬೇಡುವುದು ‘ಒಳ್ಳೆಯದು, ಉಪಯುಕ್ತ’ ಎಂದಿತು. ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ ಮರಿಯಮ್ಮನವರಿಗೆ ‘ಮಧ್ಯಸ್ಥೆ’ ಅನ್ನುವ ಬಿರುದನ್ನು ಉಲ್ಲೇಖಿಸಿದರೂ, ಅದು ಕ್ರಿಸ್ತರ ಘನತೆಯಿಂದ ಏನನ್ನೂ ಕಳೆಯದಂತೆ, ಏನನ್ನೂ ಕೂಡಿಸದಂತೆ ಅರ್ಥೈಸಬೇಕೆಂದು ಅಲ್ಲೇ ಬಿಗಿಮಾಡಿತು. 2025ರ ನವೆಂಬರ್‌ನಲ್ಲಿ ವ್ಯಾಟಿಕನ್ನಿನ ಸಿದ್ಧಾಂತ ಇಲಾಖೆ ಮರಿಯಮ್ಮನವರಿಗೆ ‘ಸಹವಿಮೋಚಕಿ’ ಅನ್ನುವ ಬಿರುದು ಸೂಕ್ತವಲ್ಲ ಎಂದೇ ಹೇಳಿತು. ಒಂದು ಪದವನ್ನು ಪ್ರತಿಸಲವೂ ಉದ್ದುದ್ದ ವಿವರಿಸಿ ಕಾಪಾಡಬೇಕಾದರೆ ಅದರಿಂದ ಲಾಭವಿಲ್ಲ ಅನ್ನುವುದು ಅದರ ಕಾರಣಗಳಲ್ಲೊಂದು.

ಸುಧಾರಿತ

ಜಪಸರ ಅವರೇ, 2:1ರ ಬಗ್ಗೆ ನಿಮ್ಮ ಮಾತು ಸರಿ, ಅದನ್ನು ನಮ್ಮವರು ಎಷ್ಟೋ ಸಲ ಓದದೆ ಬಿಡುತ್ತಾರೆ. ಆದರೆ ವ್ಯಾಕರಣ ನೋಡಿ. ‘ದೇವರು ಒಬ್ಬನೇ’ ಅನ್ನುವಲ್ಲಿಯೂ ‘ಮಧ್ಯಸ್ಥನು ಒಬ್ಬನೇ’ ಅನ್ನುವಲ್ಲಿಯೂ ಗ್ರೀಕಿನಲ್ಲಿ ಅದೇ ‘ಹೇಸ್’. ಮೊದಲ ‘ಒಬ್ಬ’ ಬೇರೆ ದೇವರುಗಳಿಗೆ ಬಾಗಿಲು ಮುಚ್ಚುತ್ತದೆ. ಎರಡನೆಯ ‘ಒಬ್ಬ’ ಅಧೀನ ಮಧ್ಯಸ್ಥರಿಗೆ ಕಿಟಕಿ ತೆರೆದಿಡುತ್ತದೆ ಅನ್ನುವುದಕ್ಕೆ ವಾಕ್ಯದಲ್ಲಿ ಆಧಾರವಿಲ್ಲ. 2:1ರ ಪದವೇ ಬೇರೆ, ‘ಎಂಟ್ಯೂಕ್ಸಿಸ್’, ಅರಸನಿಗೆ ಕೊಡುವ ಅರ್ಜಿಗೆ ಬಳಸುತ್ತಿದ್ದ ಪದ. ಅರ್ಜಿ ಬರೆಯುವವರು ಸಾವಿರ ಮಂದಿ ಇರಬಹುದು, ಮಧ್ಯಸ್ಥ ಒಬ್ಬ. ಅದಕ್ಕೇ ಪೌಲ ಎರಡು ಪದ ಇಟ್ಟ. ಹಾಗಾಗಿ ಪರಸ್ಪರ ಪ್ರಾರ್ಥನೆಗೆ ನಮ್ಮ ತಕರಾರಿಲ್ಲ. ತೀರಿಹೋದವರನ್ನು ಕರೆದು ಬೇಡಿರಿ ಎಂಬ ಅಪ್ಪಣೆ ಎಲ್ಲಿದೆ ಅನ್ನುವುದೇ ಪ್ರಶ್ನೆ. ಲೂಥರನ್ನರ 1530ರ ಔಗ್ಸ್‌ಬರ್ಗ್ ಅರಿಕೆಯ 21ನೇ ಕಲಮು ಹೇಳುವುದೂ ಅಷ್ಟೇ: ಸಂತರನ್ನು ನೆನೆಯಿರಿ, ಅವರ ನಂಬಿಕೆಯ ದಾರಿ ಹಿಡಿಯಿರಿ, ನೆರವು ಬೇಡಲು ಶಾಸ್ತ್ರ ಕಲಿಸುವುದಿಲ್ಲ. ಪ್ರಕಟನೆ 5:8ರಲ್ಲಿ ಪರಲೋಕದ ಹಿರಿಯರು ಹಿಡಿದ ಧೂಪದ ಬಟ್ಟಲುಗಳಲ್ಲಿ ಭಕ್ತರ ಪ್ರಾರ್ಥನೆಗಳಿವೆ ನಿಜ. ಆ ಹಿರಿಯರನ್ನು ಯಾರಾದರೂ ಬೇಡಿಕೊಂಡರು ಅಂತ ಅಲ್ಲಿಲ್ಲ.

ಹಳೇಪಿತೃ

ಕ್ರಿಯಾಪದದ ಗೆರೆ ಎಲ್ಲ ಕಡೆ ಅಷ್ಟು ನೆಟ್ಟಗಿಲ್ಲ ಅಂತ ಇಬ್ಬರಿಗೂ ನೆನಪಿಸುತ್ತೇನೆ. ಆರ್ಥಡಾಕ್ಸ್ ಆರಾಧನೆಯಲ್ಲಿ ‘ಅತಿಪವಿತ್ರ ದೇವಮಾತೆಯೇ, ನಮ್ಮನ್ನು ರಕ್ಷಿಸು’ ಅಂತ ನೇರವಾಗಿಯೇ ಇದೆ. ‘ನಿನ್ನ ಬಿನ್ನಹದ ಮೂಲಕ’ ಅಂತ ಅವರು ಅರ್ಥೈಸುತ್ತಾರೆ. ಪದ ಮಾತ್ರ ‘ಸೋಸೊನ್’, ರಕ್ಷಿಸು.

ಪ್ರಾರ್ಥನಾಕ್ರಮ

ಸಿದ್ಧಾಂತ ಕೆಡುವುದು ಪುಸ್ತಕದಲ್ಲಲ್ಲ, ಪ್ರಾರ್ಥನೆಯ ವಾಕ್ಯದಲ್ಲಿ. ಕಥೋಲಿಕರ ಬಲಿಪೂಜೆಯ ಆರಂಭದ ಸಂಕ್ಷಿಪ್ತ ಪ್ರಾರ್ಥನೆಯನ್ನು ಬಿಚ್ಚಿ ನೋಡಿ. ಸಾಮಾನ್ಯವಾಗಿ ಐದು ತುಂಡು: ತಂದೆಗೆ ಸಂಬೋಧನೆ, ಆತನು ಮಾಡಿದ ಕಾರ್ಯದ ನೆನಪು, ಬೇಡಿಕೆ, ಆ ಬೇಡಿಕೆ ಏತಕ್ಕೆ, ಕೊನೆಗೆ ‘ನಿಮ್ಮ ಪುತ್ರ, ನಮ್ಮ ಪ್ರಭು ಯೇಸುಕ್ರಿಸ್ತರ ಮೂಲಕ’. ಆ ಐದನೆಯದು ಮುಕ್ತಾಯದ ಅಲಂಕಾರವಲ್ಲ, ಇಡೀ ವಾಕ್ಯ ನಿಂತಿರುವ ತೊಲೆ. ವೇದಿಕೆಯ ಪ್ರಾರ್ಥನೆ ತಂದೆಯನ್ನು ಉದ್ದೇಶಿಸಿರಬೇಕು ಎಂದು 393ರಲ್ಲಿ ಉತ್ತರ ಆಫ್ರಿಕದ ಹಿಪ್ಪೊ ಸಭೆ ನಿಯಮವನ್ನೇ ಮಾಡಿತ್ತು.

ಆಶುಪ್ರಾರ್ಥನೆಯಲ್ಲಿ ಎಡವುವ ಜಾಗಗಳು:

‘ತಂದೆಯೇ, ನೀನು ನಮಗಾಗಿ ಶಿಲುಬೆಯಲ್ಲಿ ಸತ್ತದ್ದಕ್ಕೆ ವಂದನೆ.’ ಮಾತಿನ ಓಟದಲ್ಲಿ ತಂದೆ, ಮಗ ಕಲಸಿಹೋದರು. ಮೂರನೇ ಶತಮಾನದಲ್ಲಿ ಸಬೆಲ್ಲಿಯಸನ ಹೆಸರಿಗೆ ಅಂಟಿದ ತಪ್ಪು ಇದೇ ಜಾತಿಯದು. ತಂದೆಯೇ ಮಗನಾದರೆ ಮಧ್ಯಸ್ಥ ಅನ್ನುವ ಮಾತೇ ಉಳಿಯುವುದಿಲ್ಲ. ಸಂಬೋಧನೆ ಯಾರಿಗೆ ಎಂದು ಶುರುವಿನಲ್ಲೇ ಗಟ್ಟಿಮಾಡಿಕೊಂಡು ಕ್ರಿಯಾಪದಗಳನ್ನು ಅದಕ್ಕೆ ಹೊಂದಿಸಿದರೆ ಸರಿಹೋಗುತ್ತದೆ.

‘ತಂದೆ ಕೋಪದಿಂದ ಹೊಡೆಯಲು ಕೈಯೆತ್ತಿದ, ಮಗ ಅಡ್ಡ ಬಂದ.’ ಮಕ್ಕಳ ಪಾಠಗಳಲ್ಲಿ ಇದು ಬಹಳ. ಇಲ್ಲಿ ಮಗ ಒಳ್ಳೆಯವನು, ತಂದೆ ಕೆಟ್ಟವನು ಆಗಿಬಿಡುತ್ತಾನೆ. 2 ಕೊರಿಂಥ 5:18-19 ಓದಿ. ಸಂಧಾನಕ್ಕೆ ಕೈಹಾಕಿದವನು ದೇವರೇ. ದೇವರ ಮತ್ತು ಮನುಷ್ಯರ ವಿಷಯದಲ್ಲಿ ಪೌಲ ಈ ಕ್ರಿಯಾಪದ ಬಳಸುವಾಗ ಸಂಧಾನಪಡಿಸುವವನು ದೇವರು, ಸಂಧಾನಕ್ಕೆ ಬರುವವರು ಮನುಷ್ಯರು, ತಿರುಗಿಸಿ ಹೇಳುವುದಿಲ್ಲ. ಮಧ್ಯಸ್ಥನನ್ನು ಕಳಿಸಿದ್ದೇ ನೊಂದ ಪಕ್ಷ.

‘ಯೇಸುವಿನ ನಾಮದಲ್ಲಿ’ ಅನ್ನುವುದನ್ನು ಅರ್ಜಿಯ ಕೊನೆಯ ಮೊಹರಿನಂತೆ ಒತ್ತುವುದು. ಒತ್ತದಿದ್ದರೆ ಪ್ರಾರ್ಥನೆ ತಲುಪದು ಅನ್ನುವ ಭಯ ಆಮೇಲೆ ಹುಟ್ಟುತ್ತದೆ. ಹೊಸ ಒಡಂಬಡಿಕೆಯ ಎಷ್ಟೋ ಪ್ರಾರ್ಥನೆಗಳ ಕೊನೆಯಲ್ಲಿ ಆ ಮಾತಿಲ್ಲ. ನಾಮದಲ್ಲಿ ಅಂದರೆ ಆತನ ಅಧಿಕಾರದಲ್ಲಿ, ಆತನಿಗೆ ಸೇರಿದವರಾಗಿ.

‘ಮೂಲಕ’ ಅನ್ನುವ ಅವ್ಯಯವೂ ಒಮ್ಮೆ ರಣರಂಗವಾಗಿತ್ತು. ಅರಿಯಸ್ ಪಂಥದವರು ‘ಪುತ್ರನ ಮೂಲಕ ತಂದೆಗೆ ಮಹಿಮೆ’ ಅನ್ನುವುದನ್ನು ತೋರಿಸಿ, ನೋಡಿ ಪುತ್ರ ಕೆಳಗಿನವನು ಅನ್ನುತ್ತಿದ್ದರು. 370ರ ದಶಕದಲ್ಲಿ ಬಿಷಪ್ ಬೇಸಿಲ್ ‘ಪುತ್ರನೊಂದಿಗೆ, ಪವಿತ್ರಾತ್ಮನ ಸಹಿತ’ ಅನ್ನುವ ರೂಪವನ್ನೂ ಬಳಸಿದ್ದಕ್ಕೆ ಹೊಸತು ತಂದ ಅಂತ ದೂರು ಬಂತು. ಆತ ಒಂದು ಇಡೀ ಗ್ರಂಥವನ್ನೇ ಅದರ ಸಮರ್ಥನೆಗೆ ಬರೆದ. ‘ಒಂದಿಗೆ’ ಪುತ್ರನ ಘನತೆ ಹೇಳುತ್ತದೆ, ‘ಮೂಲಕ’ ನಮಗೆ ಬಂದ ವರ ಹೇಳುತ್ತದೆ, ಎರಡೂ ಬೇಕು. ಎರಡು ಅವ್ಯಯಕ್ಕೆ ಒಂದು ಗ್ರಂಥ, ವೈಯಾಕರಣರಿಗೆ ಹಬ್ಬ.

ಕೇಳುಗ

ರೋಮಾ 8:26ರಲ್ಲಿ ಪವಿತ್ರಾತ್ಮನೂ ನಮಗಾಗಿ ಬೇಡಿಕೊಳ್ಳುತ್ತಾನೆ, 8:34ರಲ್ಲಿ ಕ್ರಿಸ್ತನು ಬೇಡಿಕೊಳ್ಳುತ್ತಾನೆ. ಹಾಗಾದರೆ ಇಬ್ಬರಾದರಲ್ಲ?

ಪದಕೋಶ

ಎರಡು ಕಡೆಯೂ ಕ್ರಿಯಾಪದ ಒಂದೇ ಬೇರಿನದು, ‘ಬೇಡಿಕೊಳ್ಳು’. ಸ್ಥಳ ಬೇರೆ. ಆತ್ಮನು ಬೇಡುವುದು ನಮ್ಮೊಳಗಿಂದ, ಮಾತಿಗೆ ಸಿಗದ ನರಳಾಟದಲ್ಲಿ. ಕ್ರಿಸ್ತನು ದೇವರ ಬಲಗಡೆಯಲ್ಲಿ. ‘ಮೆಸಿಟೇಸ್’ ಎಂದು ಆತ್ಮನನ್ನು ಎಲ್ಲೂ ಕರೆದಿಲ್ಲ. ಯೋಹಾನ 14:16ರಲ್ಲಿ ಆತ್ಮನಿಗಿಟ್ಟ ‘ಪರಾಕ್ಲೇಟೊಸ್’ ಮಾತ್ರ 1 ಯೋಹಾನ 2:1ರಲ್ಲಿ ಯೇಸುವಿಗೂ ಇದೆ: ಪರವಾಗಿ ನಿಲ್ಲಲು ಕರೆಸಿಕೊಂಡವನು.

ಕೇಳುಗ

ಕೊನೇ ಪ್ರಶ್ನೆ. ಸಂಧಾನ ಆದ ಮೇಲೆ ಮಧ್ಯಸ್ಥನಿಗೆ ಕೆಲಸ ಇರಲ್ಲ. 1 ಕೊರಿಂಥ 15:24ರಲ್ಲಿ ಮಗ ರಾಜ್ಯವನ್ನು ತಂದೆಗೆ ಒಪ್ಪಿಸ್ತಾನೆ ಅಂತಿದೆ. ಅಲ್ಲಿಗೆ ಮುಗೀತಾ?

ಹಳೇಪಿತೃ

ಮುಗಿಯುತ್ತದೆ ಅಂತ ನಾಲ್ಕನೇ ಶತಮಾನದಲ್ಲಿ ಅಂಕೈರದ ಮಾರ್ಸೆಲ್ಲಸ್ ಈ ವಚನದ ಆಧಾರದ ಮೇಲೆಯೇ ಹೇಳಿದ್ದ. 381ರ ವಿಶ್ವಾಸಪ್ರಮಾಣದ ‘ಆತನ ರಾಜ್ಯಕ್ಕೆ ಅಂತ್ಯವಿಲ್ಲ’ ಅನ್ನುವ ಸಾಲು ಲೂಕ 1:33ರದ್ದು. ಅದು ಅಲ್ಲಿ ಕೂತದ್ದು ಅವನಿಗೆ ಉತ್ತರವಾಗಿ.

ಸುಧಾರಿತ

ಕ್ಯಾಲ್ವಿನ್ ಇನ್ನೂ ಸ್ವಲ್ಪ ಬಿಡಿಸುತ್ತಾನೆ. ನಾವಿನ್ನೂ ದೂರದಲ್ಲಿರುವ ಕಾರಣಕ್ಕೆ ಆತ ವಹಿಸಿಕೊಂಡಿರುವ ಉಸ್ತುವಾರಿ ಮುಗಿಯುತ್ತದೆ, ತೆರೆ ಸರಿದ ಮೇಲೆ ದೇವರನ್ನು ನೇರವಾಗಿ ನೋಡುತ್ತೇವೆ ಅನ್ನುತ್ತಾನೆ. ಹಾಗಂತ ತೊಟ್ಟ ಮಾನವಸ್ವಭಾವವನ್ನು ಆತ ಕಳಚಿಡುತ್ತಾನೆ ಅಂತಲ್ಲ. ಬಲಿ ಮುಗಿದಿದೆ, ಬಲಿ ಕೊಟ್ಟವನು ಎದ್ದುಹೋಗುವುದಿಲ್ಲ. ಇಬ್ರಿಯ 7:24ರಲ್ಲಿ ಯಾಜಕತ್ವ ‘ಬದಲಾಗದೆ’ ಉಳಿಯುತ್ತದೆ ಅಂತಲೇ ಇದೆ.